ಹೆಸರು ಇಬ್ಬರದು, ವಿಳಾಸ ಒಬ್ಬರದು

ರಾಮಸಮುದ್ರದಲ್ಲಿ ನಿಲ್ಲುವ ಸರ್ಕಾರಿ ಬಸ್ಸಿನ ಮೇಲೆ ಈಗ ಕಲ್ಯಾಣ ಕರ್ನಾಟಕ ಸಾರಿಗೆ ಎಂದಿದೆ. 2000ದಲ್ಲಿ ನಮ್ಮ ನಿಗಮ ಬೇರೆಯಾದಾಗ ಅದರ ಹೆಸರು ಈಶಾನ್ಯ ಸಾರಿಗೆ. ಆದರೂ ಬೆಂಗಳೂರಿಗೆ ಮೊಬೈಲಿನಲ್ಲಿ ಸೀಟು ಹಿಡಿಯಬೇಕೆಂದರೆ ನಾವು ಒತ್ತುವುದು ‘ಕೆಎಸ್‌ಆರ್‌ಟಿಸಿ ಡಾಟ್ ಇನ್’ ಅಂತಲೇ. ಆ ಐದು ಇಂಗ್ಲಿಷ್ ಅಕ್ಷರಗಳಿಗಾಗಿ ಎರಡು ರಾಜ್ಯಗಳು ವರ್ಷಗಟ್ಟಲೆ ಜಗಳಾಡಿವೆ.

ಕೇರಳದ ಸಾರಿಗೆ ನಿಗಮ ಹುಟ್ಟಿದ್ದು 1965ರಲ್ಲಿ. ನಮ್ಮದು 1961ರಿಂದ ಮೈಸೂರು ರಾಜ್ಯ ಸಾರಿಗೆಯಾಗಿತ್ತು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದಾಗ ನಿಗಮವೂ ಕೆಎಸ್‌ಆರ್‌ಟಿಸಿ ಆಯಿತು. ಅಂದರೆ ಈ ಅಕ್ಷರಗಳ ಲೆಕ್ಕದಲ್ಲಿ ಕೇರಳವೇ ಎಂಟು ವರ್ಷ ಹಿರಿಯ. ದಶಕಗಳ ಕಾಲ ಇದರಿಂದ ಯಾರಿಗೂ ತೊಂದರೆ ಆಗಲಿಲ್ಲ. ಬೋರ್ಡಿನ ಲಿಪಿ, ನಂಬರ್ ಪ್ಲೇಟು ನೋಡಿದರೆ ಯಾವ ಬಸ್ಸು ಯಾರದು ಎಂದು ಗೊತ್ತಾಗುತ್ತಿತ್ತು.

ಇಂಟರ್ನೆಟ್ ಬಂದ ಮೇಲೆ ಕಥೆ ಬದಲಾಯಿತು. ಟ್ರೇಡ್‌ಮಾರ್ಕ್ ಎಂಬುದು ಆಯಾ ದೇಶಕ್ಕೆ, ಆಯಾ ಸರಕಿಗೆ ಸೀಮಿತ. ಒಂದೇ ಹೆಸರಿನ ಬೀಡಿಯೂ ಇರಬಹುದು, ಬನಿಯನ್ನೂ ಇರಬಹುದು. ಆದರೆ ವೆಬ್ ವಿಳಾಸ, ಇಮೇಲಿನಲ್ಲಿ ಆ್ಯಟ್ ಗುರುತಿನ ಮುಂದಿರುವ ಹೆಸರು ಹಾಗಲ್ಲ. ಒಂದು ಮೊಬೈಲ್ ನಂಬರ್ ಎರಡು ಮನೆಯಲ್ಲಿ ರಿಂಗಾಗುವುದಿಲ್ಲವಲ್ಲ, ಹಾಗೆ.

ಗೂಗಲ್‌ನಂಥ ಕಂಪನಿಯೂ ಇದರಲ್ಲಿ ಸಿಕ್ಕಿಬಿದ್ದಿತ್ತು. ಜರ್ಮನಿಯಲ್ಲಿ ಒಬ್ಬ ಉದ್ಯಮಿ ‘ಜಿ-ಮೇಲ್’ ಹೆಸರನ್ನು ಜಿಮೇಲ್ ಹುಟ್ಟುವ ಮುಂಚೆ, 2000ದಲ್ಲೇ ನೋಂದಾಯಿಸಿಕೊಂಡಿದ್ದ. ಅದಕ್ಕೇ 2005ರಿಂದ ಅಲ್ಲಿನ ಹೊಸ ಗ್ರಾಹಕರಿಗೆ ‘ಗೂಗಲ್‌ಮೇಲ್ ಡಾಟ್ ಕಾಂ’ ವಿಳಾಸ ಕೊಡಬೇಕಾಯಿತು. 2012ರಲ್ಲಿ ಗೂಗಲ್‌ಗೆ ಆ ಹೆಸರು ಸಿಗುವವರೆಗೂ ಇದೇ ನಡೆಯಿತು. ಅಂಥ ವಿಳಾಸದಿಂದ ಇವತ್ತಿಗೂ ಮೇಲ್ ಬಂದರೆ ಬರೀ ಆ ಕಾರಣಕ್ಕೆ ನಕಲಿ ಅಂದುಕೊಳ್ಳಬೇಡಿ.

ನಮ್ಮಲ್ಲಿ ಇದಕ್ಕೆ ದಾರಿ ತೋರಿದ್ದು ಬೆಂಗಳೂರಿನ ಸಿವಿಲ್ ಕೋರ್ಟಿನಲ್ಲಿ ಶುರುವಾದ ಸಿಫಿ–ಸಿಫಿನೆಟ್ ದಾವೆ. ಸಿವಿಲ್ ಕೋರ್ಟ್ ಸಿಫಿನೆಟ್‌ಗೆ ತಡೆ ಕೊಟ್ಟಿತು, ಹೈಕೋರ್ಟ್ ತೆಗೆಯಿತು, 2004ರ ಮೇನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹಾಕಿತು. ಇಂಟರ್ನೆಟ್ ವಿಳಾಸಕ್ಕೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಉಂಟು ಎಂದಿತು.

ಇನ್ನು ಬಸ್ಸಿನ ಜಗಳ. ಕರ್ನಾಟಕವು ಗಂಡಭೇರುಂಡದ ಲಾಂಛನದ ಜೊತೆ ಕೆಎಸ್‌ಆರ್‌ಟಿಸಿ ಹೆಸರನ್ನು ನೋಂದಾಯಿಸಿ, 2014ರಲ್ಲಿ ಕೇರಳಕ್ಕೆ ನೋಟಿಸ್ ಕೊಟ್ಟಿತು. ಕೇರಳ ಚೆನ್ನೈನ ಮೇಲ್ಮನವಿ ಮಂಡಳಿಗೆ ಹೋಯಿತು. ಆ ಹೆಸರಿನ ವೆಬ್ ವಿಳಾಸಗಳನ್ನೆಲ್ಲ ಕರ್ನಾಟಕ ಹಿಡಿದಿದೆ, ಬೆಂಗಳೂರಿನಿಂದ ಊರಿಗೆ ಬರುವ ಮಲಯಾಳಿಗಳು ನಮ್ಮನ್ನು ಹುಡುಕಿ ಅಲ್ಲಿಗೆ ಹೋಗುತ್ತಾರೆ ಎಂಬುದು ಅವರ ಅಳಲು. ಅದು ಸುಳ್ಳಲ್ಲ ಅನ್ನಿಸುತ್ತದೆ. ಹಬ್ಬದ ವಾರದಲ್ಲಿ ಒಂದು ಬಸ್ಸಿನ ಟಿಕೆಟ್ ದುಡ್ಡು ಎಷ್ಟಾಗುತ್ತದೆ, ಲೆಕ್ಕ ಹಾಕಿ.

2021ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಆ ಮಂಡಳಿಯನ್ನೇ ರದ್ದು ಮಾಡಿತು. ಜೂನ್‌ನಲ್ಲಿ ಕೇರಳ ‘ಹೆಸರು ನಮ್ಮದಾಯಿತು’ ಎಂದು ಘೋಷಿಸಿತು. ಅಂಥ ಆದೇಶವೇ ಬಂದಿಲ್ಲ ಎಂದು ಕರ್ನಾಟಕ ತಿರುಗಿ ಹೇಳಿತು. ಕೊನೆಗೆ 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾ ಮಾಡಿತು.

ಕೇರಳದವರು ತಮ್ಮ ವಿಳಾಸಕ್ಕೆ ‘ಕೇರಳಆರ್‌ಟಿಸಿ’ ಎಂಬ ಉದ್ದ ಹೆಸರು ಹಿಡಿದರು. ಕರ್ನಾಟಕದ ನಿಗಮಕ್ಕೆ ‘ಕರ್ನಾಟಕ ಡಾಟ್ ಗೌ ಡಾಟ್ ಇನ್’ ಕೆಳಗೂ ಒಂದು ವಿಳಾಸವಿದೆ. ಅಲ್ಲಿ ರಾಜ್ಯದ ಹೆಸರೇ ಸೇರಿರುವುದರಿಂದ ಆ ವಿಳಾಸವನ್ನು ಕೇರಳ ಕೇಳುವಂತಿಲ್ಲ.