ಬ್ಯಾಲನ್: ತಂತಿ ಆಂಟೆನಾಗೆ ತಕ್ಕ ಆಯ್ಕೆ

ಬ್ಯಾಲನ್ ಎಂಬುದು ಸಮತೋಲದ ಆಂಟೆನಾವನ್ನು ಅಸಮತೋಲದ ಕೇಬಲ್ಲಿಗೆ ಜೋಡಿಸುವ ಸಾಧನ. ಹವ್ಯಾಸಿ ರೇಡಿಯೊದವರು (ಹ್ಯಾಮ್‌ಗಳು) ಹೆಚ್ಚಾಗಿ ಕಟ್ಟುವ ಅರ್ಧತರಂಗ ಡೈಪೋಲಿನ ಎರಡೂ ತೋಳುಗಳು ಒಂದೇ ಅಳತೆಯವು, 7.1 ಮೆಗಾಹರ್ಟ್ಸ್‌ಗೆ ಒಂದೊಂದು ಸುಮಾರು 10 ಮೀಟರ್. ಕೋಆಕ್ಸಿಯಲ್ ಕೇಬಲ್ಲಿನ ನಡುತಂತಿಗೂ ಅದನ್ನು ಸುತ್ತುವರಿದ ಹೆಣಿಗೆಗೂ ಅಂಥ ಸರಿಸಮತೆ ಇಲ್ಲ.

ಅಗತ್ಯ: ಅಧಿಕ ಆವರ್ತನದ ಪ್ರವಾಹ ಲೋಹದ ಮೇಲ್ಮೈಯಲ್ಲೇ ಹರಿಯುವುದರಿಂದ ಹೆಣಿಗೆಯ ಒಳಮೈ, ಹೊರಮೈ ಎರಡು ಬೇರೆ ವಾಹಕಗಳಂತೆ ವರ್ತಿಸುತ್ತವೆ. ಆಂಟೆನಾ ಸೇರುವಲ್ಲಿ ಒಳಮೈಯ ಪ್ರವಾಹಕ್ಕೆ ಎರಡು ದಾರಿ: ಡೈಪೋಲಿನ ತೋಳು ಮತ್ತು ಹೆಣಿಗೆಯ ಹೊರಮೈ. ಹೊರಮೈ ಹಿಡಿದು ಇಳಿಯುವ ಈ ಕಾಮನ್ ಮೋಡ್ ಪ್ರವಾಹ ಕೇಬಲ್ಲನ್ನೇ ಮೂರನೆಯ ತೋಳಾಗಿಸುತ್ತದೆ. ಪ್ರಸಾರ ಮಾಡುವಾಗ ಮೈಕಿನ ಲೋಹ ತಾಗಿದ ತುಟಿ ಚುರುಕ್ಕೆನ್ನುತ್ತದೆ. ಆಲಿಸುವಾಗ ಮನೆಯ ಎಲ್‌ಇಡಿ ದೀಪ, ಚಾರ್ಜರುಗಳ ಗದ್ದಲ ಅದೇ ದಾರಿಯಲ್ಲಿ ರಿಸೀವರಿಗೆ ಬರುತ್ತದೆ. ಇದನ್ನು ತಡೆಯುವುದೇ ಬ್ಯಾಲನ್ನಿನ ಮುಖ್ಯ ಕೆಲಸ. ಇಂಪೀಡೆನ್ಸ್ ಹೊಂದಿಸುವುದು ಆಮೇಲಿನದು.

ಬಗೆಗಳು: ಎಂಜಿನಿಯರ್ ಗ್ವಾನೆಲ್ಲಾ 1944ರಲ್ಲಿ ವಿವರಿಸಿದ ವಿನ್ಯಾಸದಿಂದ ಬಂದದ್ದು ಕರೆಂಟ್ ಬ್ಯಾಲನ್. ಇದು ಎರಡೂ ತೋಳುಗಳಲ್ಲಿ ಸಮಪ್ರವಾಹ ಇರುವಂತೆ ನೋಡಿಕೊಳ್ಳುತ್ತದೆ. ಎಂಜಿನಿಯರ್ ರುತ್ರಾಫ್ 1959ರಲ್ಲಿ ಪ್ರಕಟಿಸಿದ 4:1 ವಿನ್ಯಾಸ ವೋಲ್ಟೇಜ್ ಬ್ಯಾಲನ್ ಬಗೆಯದು. ಇದು ವೋಲ್ಟೇಜನ್ನು ಸಮವಾಗಿಡುತ್ತದೆ. ಒಂದು ತೋಳು ಮರಕ್ಕೋ ತಗಡಿನ ಚಾವಣಿಗೋ ಹತ್ತಿರವಿದ್ದರೆ ವೋಲ್ಟೇಜ್ ಸಮವಿದ್ದೂ ಪ್ರವಾಹ ಏರುಪೇರಾಗುತ್ತದೆ. ಆದ್ದರಿಂದ ತಂತಿ ಆಂಟೆನಾಗಳಿಗೆ ಕರೆಂಟ್ ಬ್ಯಾಲನ್ನೇ ಮೇಲು.

ಇಂಪೀಡೆನ್ಸ್ ಅನುಪಾತ: ನಡುವೆ ಜೋಡಿಸಿದ ಡೈಪೋಲಿನ ಇಂಪೀಡೆನ್ಸ್ ಮುಕ್ತ ಅವಕಾಶದಲ್ಲಿ ಸುಮಾರು 73 ಓಮ್, ನೆಲದಿಂದಿರುವ ಎತ್ತರಕ್ಕೆ ತಕ್ಕಂತೆ ಬದಲಾಗುತ್ತದೆ. 50 ಓಮ್ ಕೇಬಲ್ಲಿಗೆ ಇದು ಹತ್ತಿರವೇ ಆದ್ದರಿಂದ 1:1 ಸಾಕು. ಉದ್ದದ ಮೂರನೇ ಒಂದು ಭಾಗದಲ್ಲಿ ಜೋಡಿಸಿದ ಡೈಪೋಲಿಗೆ 4:1 ರೂಢಿ. ತೋಳುಗಳೇ ಅಸಮವಾದ್ದರಿಂದ ಜೊತೆಗೊಂದು 1:1 ಕರೆಂಟ್ ಬ್ಯಾಲನ್ (ಚೋಕ್) ಇಡುವುದು ಒಳ್ಳೆಯದು. 300 ಓಮಿನ ಮಡಿಕೆ ಡೈಪೋಲಿಗೆ 6:1 ಹೊಂದುತ್ತದೆ. ತುದಿಯಲ್ಲಿ ಜೋಡಿಸುವ ಅರ್ಧತರಂಗ ತಂತಿಯ ಇಂಪೀಡೆನ್ಸ್ ಕೆಲವು ಸಾವಿರ ಓಮ್. ಅದಕ್ಕೆ ಬಳಸುವ 49:1 ಸಾಧನ ಬ್ಯಾಲನ್ ಅಲ್ಲ, ಎರಡೂ ಬದಿ ಅಸಮತೋಲವಿರುವ ಅನ್‌ಅನ್. ಟ್ಯೂನರ್ ಇಟ್ಟು ಹಲವು ಬ್ಯಾಂಡುಗಳಲ್ಲಿ ಬಳಸುವ ಡೈಪೋಲಿಗೆ 4:1 ಹಾಕಲೇಬೇಕೆಂಬುದು ತಪ್ಪು: ಕೆಲವು ಆವರ್ತನಗಳಲ್ಲಿ ಮೊದಲೇ ಕಡಿಮೆಯಿರುವ ಇಂಪೀಡೆನ್ಸನ್ನು ಅದು ನಾಲ್ಕನೇ ಒಂದು ಪಾಲಿಗೆ ಇಳಿಸುತ್ತದೆ.

ತಯಾರಿಕೆ: 3ರಿಂದ 30 ಮೆಗಾಹರ್ಟ್ಸ್ ಬ್ಯಾಂಡುಗಳಿಗೆ 31 ಮತ್ತು 43 ಸಂಖ್ಯೆಯ ಫೆರೈಟ್ ಮಿಶ್ರಣಗಳು ಪ್ರಚಲಿತ. ಸುಮಾರು 61 ಮಿ.ಮೀ. ಹೊರವ್ಯಾಸದ ಎಫ್‌ಟಿ240-31 ಉಂಗುರಕ್ಕೆ ತೆಳು ಕೋಆಕ್ಸಿಯಲ್ ಕೇಬಲ್ ಹತ್ತು–ಹನ್ನೆರಡು ಸುತ್ತು ಸುತ್ತಿದರೆ 7 ಮೆಗಾಹರ್ಟ್ಸ್‌ನಲ್ಲಿ ಕಾಮನ್ ಮೋಡ್ ಪ್ರವಾಹಕ್ಕೆ ಕೆಲವು ಸಾವಿರ ಓಮಿನ ತಡೆ ಸಿಗುತ್ತದೆ. ಉಂಗುರದ ಕಿಂಡಿಯೊಳಗೆ ಕೇಬಲ್ ಎಷ್ಟು ಬಾರಿ ಹಾದಿದೆಯೋ ಅಷ್ಟು ಸುತ್ತು ಎಂದು ಲೆಕ್ಕ. ಕೇಬಲ್ಲನ್ನು ತೀರಾ ಬಿಗಿಯಾಗಿ ಬಗ್ಗಿಸಿದರೆ ಮೆತ್ತನೆಯ ಫೋಮ್ ನಿರೋಧಕದೊಳಗೆ ನಡುತಂತಿ ಬದಿಗೆ ಸರಿಯಬಹುದು. ಮಳೆನೀರು ಹೆಣಿಗೆಯೊಳಗೆ ಇಳಿಯದಂತೆ ಕೀಲುಗಳನ್ನು ಮುಚ್ಚಬೇಕು. ಹೆಚ್ಚು ಶಕ್ತಿಯಲ್ಲಿ ಪ್ರಸಾರ ಮಾಡಿದಾಗ ಉಂಗುರ ಕಾದರೆ ಅದು ಅಪಾಯದ ಸೂಚನೆ. ದೊಡ್ಡ ಉಂಗುರವೋ ಎರಡನೆಯ ಚೋಕೋ ಬೇಕು.

ಪರೀಕ್ಷೆ: ಕಡಿಮೆ ಶಕ್ತಿಯಲ್ಲಿ ಪ್ರಸಾರ ಮಾಡುತ್ತ ಕೇಬಲ್ಲನ್ನು ಕವಚದ ಮೇಲಿಂದ ಹಿಡಿದು ಕೈ ಸರಿಸಬೇಕು. ಎಸ್‌ಡಬ್ಲ್ಯುಆರ್ (ನಿಲುತರಂಗ ಅನುಪಾತ) ಮೀಟರಿನ ಮುಳ್ಳು ಅಲುಗಿದರೆ ಹೊರಮೈಯಲ್ಲಿ ಪ್ರವಾಹ ಉಳಿದಿದೆ ಎಂದರ್ಥ.