ಐದು ಡಿಗ್ರಿಯ ಬೆಲೆ: ತೆರೆದ ಗಣಿಯ ಗೋಡೆ ಮತ್ತು ಬಿಂಗ್‌ಹ್ಯಾಮ್ ಕ್ಯಾನಿಯನ್ ಕುಸಿತ

ತೆರೆದ ಗಣಿಯ ನಕ್ಷೆಯಲ್ಲಿ ಗೋಡೆಯ ಇಳಿಜಾರಿನ ಕೋನದಷ್ಟು ದುಬಾರಿಯಾದ ಅಂಕಿ ಬೇರೊಂದಿಲ್ಲವೆಂದೇ ನನ್ನ ಎಣಿಕೆ. ತಳದಲ್ಲಿ 100 ಮೀಟರ್ ತ್ರಿಜ್ಯವಿರುವ, 300 ಮೀಟರ್ ಆಳದ ದುಂಡನೆಯ ಗುಂಡಿಯೊಂದನ್ನು ಊಹಿಸಿಕೊಳ್ಳೋಣ. ಗೋಡೆ 45 ಡಿಗ್ರಿಯಲ್ಲಿ ನಿಲ್ಲುವುದಾದರೆ ಸುಮಾರು 6.6 ಕೋಟಿ ಘನ ಮೀಟರ್ ಅಗೆಯಬೇಕು. 40 ಡಿಗ್ರಿಗೆ ತಗ್ಗಿಸಿದರೆ 8.3 ಕೋಟಿ. ಹೆಚ್ಚಾದ 1.7 ಕೋಟಿ ಘನ ಮೀಟರಿನಲ್ಲಿ ಬಹುಪಾಲು ಅದಿರಿಲ್ಲದ ಬಂಡೆಯೇ. ಅದನ್ನೂ ಸಿಡಿಸಬೇಕು, ಡಂಪರಿಗೆ ತುಂಬಬೇಕು, ಮೇಲಕ್ಕೆ ಸಾಗಿಸಿ ಸುರಿಯಬೇಕು. ಗೋಡೆಯನ್ನು ಇನ್ನಷ್ಟು ಕಡಿದಾಗಿಸುವ ಆಸೆ ಹುಟ್ಟುವುದು ಈ ಲೆಕ್ಕದಿಂದ.

ಗುಂಡಿಯ ಅಂತಿಮ ಅಂಚನ್ನು ಗುರುತಿಸಲು 1965ರಲ್ಲಿ ಲರ್ಚ್ಸ್ ಮತ್ತು ಗ್ರಾಸ್‌ಮನ್ ಒಂದು ಗಣಿತಕ್ರಮವನ್ನು ಪ್ರಕಟಿಸಿದರು. ನೆಲವನ್ನು ಸಾವಿರಾರು ಬ್ಲಾಕುಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಲಾಭ ಅಥವಾ ನಷ್ಟದ ಬೆಲೆ ಕಟ್ಟಿ, ಒಟ್ಟು ಮೌಲ್ಯ ಅತಿ ಹೆಚ್ಚಾಗುವ ಗುಂಡಿಯನ್ನು ಅದು ಕಂಡುಕೊಡುತ್ತದೆ. ಒಂದು ಬ್ಲಾಕನ್ನು ತೆಗೆಯಲು ಅದರ ಮೇಲಿನ ಯಾವ ಯಾವ ಬ್ಲಾಕುಗಳು ಮೊದಲು ಹೋಗಬೇಕು ಎಂಬುದನ್ನು ನಿರ್ಧರಿಸುವುದು ಇಳಿಜಾರಿನ ಕೋನ. ಆ ಕೋನವನ್ನು ಗಣಿತ ಕೊಡುವುದಿಲ್ಲ, ನಾವು ಅದಕ್ಕೆ ಕೊಡುತ್ತೇವೆ. ಕೋನ ತಪ್ಪಿದರೆ ಉತ್ತರವೂ ಅಷ್ಟೇ ನಿಖರವಾಗಿ ತಪ್ಪಿರುತ್ತದೆ.

ಕೋನಕ್ಕೆ ಆಧಾರ ಎಲ್ಲಿಂದ? ಅನ್ವೇಷಣೆಯ ಕೊರೆತಗಳು ಸಹಜವಾಗಿ ಅದಿರನ್ನೇ ಹುಡುಕಿಕೊಂಡು ಹೋಗುತ್ತವೆ. ಗೋಡೆ ನಿಲ್ಲುವುದಾದರೋ ಹೆಚ್ಚಾಗಿ ಅದಿರಿನಾಚೆಯ ಬಂಡೆಯಲ್ಲಿ. ಗಣಿ ಮುಚ್ಚುವವರೆಗೂ ಭಾರ ಹೊರಬೇಕಾದ ಬಂಡೆಯ ಬಗ್ಗೆಯೇ ನಮಗೆ ತಿಳಿದಿರುವುದು ಕಡಿಮೆ. ಅಲ್ಲಿನ ಬಿರುಕುಗಳು ಯಾವ ದಿಕ್ಕಿಗೆ ವಾಲಿವೆ, ಅವುಗಳಲ್ಲಿ ಜೇಡಿ ತುಂಬಿದೆಯೇ, ನೀರಿನ ಒತ್ತಡ ಎಷ್ಟು ಎಂಬುದು ತಿಳಿಯದೆ ಬಂಡೆಯ ಸರಾಸರಿ ಬಲವನ್ನು ಮಾತ್ರ ಅಳೆದರೆ ಸಾಲದು. ಗಟ್ಟಿ ಬಂಡೆಯ ನಡುವೆ ಗುಂಡಿಯ ಕಡೆಗೆ ವಾಲಿದ ಒಂದೇ ಒಂದು ಸಡಿಲ ಪದರ ಇದ್ದರೂ ಸಾಕು, ಇಡೀ ಗೋಡೆ ಅದರ ಮೇಲೆ ಜಾರಬಲ್ಲದು.

ಅಮೆರಿಕದ ಯೂಟಾ ರಾಜ್ಯದ ಬಿಂಗ್‌ಹ್ಯಾಮ್ ಕ್ಯಾನಿಯನ್ ತಾಮ್ರದ ಗಣಿಯಲ್ಲಿ ಆದದ್ದು ಇದೇ. ಅಲ್ಲಿ ತೆರೆದ ಅಗೆತ ಆರಂಭವಾದದ್ದು 1906ರಲ್ಲಿ. 2013ರ ಏಪ್ರಿಲ್ 10ರ ರಾತ್ರಿ, ಸುಮಾರು ಒಂದೂವರೆ ಗಂಟೆಯ ಅಂತರದಲ್ಲಿ, ಈಶಾನ್ಯದ ಗೋಡೆ ಎರಡು ಬಾರಿ ಕುಸಿಯಿತು. ಮ್ಯಾನಿಫೇ ಎಂದು ಕರೆಯಲಾಗುವ ದುರ್ಬಲ ಪದರದ ಮೇಲೆ ಸುಮಾರು 14.5 ಕೋಟಿ ಟನ್ ಕಲ್ಲುಮಣ್ಣು ತಳಕ್ಕೆ ಇಳಿದು, ಭೂಕಂಪಮಾಪಕಗಳಲ್ಲೂ ದಾಖಲಾಯಿತು. ವಾರಗಳ ಮೊದಲೇ ಆ ಗೋಡೆ ನಿಧಾನವಾಗಿ ಸರಿಯುತ್ತಿದ್ದುದನ್ನು ರೇಡಾರ್ ಮತ್ತಿತರ ಉಪಕರಣಗಳು ಹಿಡಿದಿದ್ದವು. ಚಲನೆ ಬಿರುಸಾದಾಗ ಗಣಿಯನ್ನು ತೆರವು ಮಾಡಲಾಯಿತು. ಯಾರೊಬ್ಬರಿಗೂ ಗಾಯವಾಗಲಿಲ್ಲ. ಈ ಒಂದು ವಾಕ್ಯಕ್ಕಾಗಿಯೇ ಆ ಪ್ರಕರಣವನ್ನು ಪ್ರತಿ ಗಣಿ ವಿದ್ಯಾರ್ಥಿಯೂ ಓದಬೇಕೆಂದು ನನಗನ್ನಿಸುತ್ತದೆ.

ಆದರೆ ತಳದಲ್ಲಿದ್ದ ಡಂಪರುಗಳೂ ದೈತ್ಯ ಅಗೆತದ ಯಂತ್ರಗಳೂ ಹೂತುಹೋದವು. ತಳಕ್ಕಿಳಿಯುವ ಮುಖ್ಯ ದಾರಿ ಕಡಿದುಹೋಯಿತು. ಗೋಡೆ ಯಾವಾಗ ಬೀಳುತ್ತದೆಂದು ಊಹಿಸುವುದು ಬೇರೆ, ಬಿದ್ದದ್ದು ಎಷ್ಟು ದೂರ ಹರಿದೀತೆಂದು ಲೆಕ್ಕ ಹಾಕುವುದು ಬೇರೆ. ಈ ಎರಡನೆಯ ಲೆಕ್ಕ ವಿನ್ಯಾಸದ ಹಂತದಲ್ಲೇ ಬರಬೇಕು: ಇಳಿಯುವ ದಾರಿಯನ್ನು ಯಾವ ಗೋಡೆಗೆ ಆನಿಸಬೇಕು, ಇನ್ನೊಂದು ದಾರಿ ಬೇಕೇ, ಯಂತ್ರಗಳನ್ನು ಎಲ್ಲಿ ನಿಲ್ಲಿಸಬೇಕು ಎಂಬುದೆಲ್ಲ ಅದನ್ನು ಅವಲಂಬಿಸಿದೆ.