ಸೇಂಟ್ ಲೂಯಿಸ್ ಮೇಳದಲ್ಲಿ ಫಿಲಿಪಿನೊ ಜನರ ಪ್ರದರ್ಶನ (1904)

ಅಮೆರಿಕದ ಸೇಂಟ್ ಲೂಯಿಸ್ ನಗರದ ವಿಶ್ವಮೇಳಕ್ಕೆ ಫಿಲಿಪೀನ್ಸಿನ ಸಾವಿರಕ್ಕೂ ಹೆಚ್ಚು ಜನರನ್ನು ಕರೆತಂದು, ಅವರ ದಿನನಿತ್ಯದ ಬದುಕನ್ನೇ ಕಾಸು ಕೊಟ್ಟವರ ನೋಟಕ್ಕಿಟ್ಟ ಘಟನೆ. ಇಂಥದ್ದನ್ನು ಆ ದ್ವೀಪಗಳನ್ನು ಹಿಂದೆ ಆಳುತ್ತಿದ್ದ ಸ್ಪೇನ್ ಮೊದಲೇ ಮಾಡಿತ್ತು. 1887ರಲ್ಲಿ ಮ್ಯಾಡ್ರಿಡ್‌ನ ರೆಟಿರೊ ಉದ್ಯಾನಕ್ಕೆ ತಂದವರಲ್ಲಿ ಕೆಲವರು ಅಲ್ಲೇ ಸತ್ತರು. ಫಿಲಿಪಿನೊ ಲೇಖಕ ಹೋಸೆ ರಿಸಾಲ್ ತಮ್ಮ ಪತ್ರಗಳಲ್ಲಿ ಆ ಸಂಕಟವನ್ನು ತೋಡಿಕೊಂಡಿದ್ದಾರೆ.

ಅಮೆರಿಕ 1898ರ ಒಪ್ಪಂದದಲ್ಲಿ 2 ಕೋಟಿ ಡಾಲರ್ ತೆತ್ತು ಸ್ಪೇನಿನಿಂದ ದ್ವೀಪಗಳನ್ನು ಪಡೆಯಿತು. ಸ್ವಾತಂತ್ರ್ಯ ಕೇಳಿದವರ ಮೇಲೆ ಯುದ್ಧ ನಡೆಸಿತು. ಆ ಆಳ್ವಿಕೆ ಸರಿಯೆಂದು ತನ್ನ ಪ್ರಜೆಗಳಿಗೆ ಮನಗಾಣಿಸಲು ಸರ್ಕಾರಕ್ಕೆ ಮೇಳ ಒದಗಿಬಂತು. 47 ಎಕರೆಯಲ್ಲಿ ವಿಸಾಯ, ಮೊರೊ, ನೆಗ್ರಿಟೊ, ಇಗೊರೊಟ್ ಹಳ್ಳಿಗಳೆದ್ದವು. ಒಂದೆಡೆ ಸಮವಸ್ತ್ರ ತೊಟ್ಟ ಫಿಲಿಪಿನೊ ಕಾನ್‌ಸ್ಟಾಬ್ಯುಲರಿ (ಪೊಲೀಸ್) ಪಡೆಯ ಕವಾಯತು, ವಾದ್ಯಮೇಳ. ಇನ್ನೊಂದೆಡೆ ಲಂಗೋಟಿಯ ಗುಡ್ಡಗಾಡಿನವರು. ‘ನಾಗರಿಕ’ರಾಗುವ ದಾರಿ ಅಮೆರಿಕದ್ದೇ ಎಂದು ನೋಡುಗರು ತಾವಾಗಿಯೇ ಅಂದುಕೊಳ್ಳುವಂತೆ ಈ ಏರ್ಪಾಡು.

ಜನ ಮುಗಿಬಿದ್ದದ್ದು ಗುಡ್ಡಗಾಡಿನ ಇಗೊರೊಟ್ ಹಳ್ಳಿಗೆ. ಇಗೊರೊಟರಲ್ಲಿ ವಿಧಿಗಳ ಸಂದರ್ಭಕ್ಕೆ ಮೀಸಲಾಗಿದ್ದ ನಾಯಿಮಾಂಸದ ಊಟ ಇಲ್ಲಿ ಪದೇ ಪದೇ ನಡೆಯುವ ಆಟವಾಯಿತು. ಪವಿತ್ರವಾದುದನ್ನು ಹೀಗೆ ಬೀದಿಗೆಳೆದದ್ದೇ ಈ ಪ್ರದರ್ಶನದ ದೊಡ್ಡ ಕ್ರೌರ್ಯ. ಅರೆಬೆತ್ತಲೆ ಜನರನ್ನು ಕಂಡವರು ಸರ್ಕಾರದ ಕೆಲಸವನ್ನೇ ಅನುಮಾನಿಸಬಹುದೆಂದು ಚುನಾವಣೆಯ ಆ ವರ್ಷ ವಾಷಿಂಗ್ಟನ್ ಅಂಜಿತು. ಅವರಿಗೆ ಚಡ್ಡಿ ತೊಡಿಸಲು ಸೂಚಿಸಿತು. ಪತ್ರಿಕೆಗಳು ನಕ್ಕವು, ಮಾನವಶಾಸ್ತ್ರಜ್ಞರು ಒಪ್ಪಲಿಲ್ಲ, ಸೂಚನೆ ಬಿದ್ದುಹೋಯಿತು. ಏನು ಉಡಬೇಕೆಂಬ ಈ ಇಡೀ ಚರ್ಚೆ ಉಡುವವರನ್ನು ಬಿಟ್ಟೇ ನಡೆಯಿತು.

ಹೀಗೆ ಬಂದವರಲ್ಲೂ ಕೆಲವರು ಊರಿಗೆ ಮರಳಲಿಲ್ಲ. ಸತ್ತ ಕೆಲವರ ಮಿದುಳುಗಳನ್ನು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹಕ್ಕೆ ತೆಗೆಯಲಾಯಿತು.

ಲಾಭ ಕಂಡ ಖಾಸಗಿಯವರು ಮುಂದೆ ಇಗೊರೊಟ್ ತಂಡಗಳನ್ನು ಊರೂರು ತಿರುಗಿಸಿದರು. ಆ ಖಾಸಗಿಯವರಲ್ಲೊಬ್ಬನಾದ ಟ್ರೂಮನ್ ಹಂಟ್ ತಂಡದವರ ಕೂಲಿ ನುಂಗಿ 1906ರಲ್ಲಿ ಸೆರೆಸಿಕ್ಕ. ಇನ್ನೊಬ್ಬನಾದ ರಿಚರ್ಡ್ ಶ್ನೈಡೆವಿಂಡ್ ಯುರೋಪಿಗೆ ಒಯ್ದ ತಂಡ 1913ರಲ್ಲಿ ಬೆಲ್ಜಿಯಂನ ಗೆಂಟ್‌ನಲ್ಲಿ ಕೈಯಲ್ಲಿ ಕಾಸಿಲ್ಲದೆ ಸಿಲುಕಿತು. ಅಮೆರಿಕ ಸರ್ಕಾರವೇ ಅವರನ್ನು ಊರಿಗೆ ಕಳಿಸಬೇಕಾಯಿತು. ಬುಡಕಟ್ಟಿನವರನ್ನು ಪ್ರದರ್ಶನಕ್ಕೆಂದು ಹೊರದೇಶಕ್ಕೆ ಒಯ್ಯುವುದನ್ನು ಫಿಲಿಪೀನ್ಸ್ 1914ರಲ್ಲಿ ಕಾನೂನಿನಿಂದ ತಡೆಯಿತು. ಗೆಂಟ್‌ನಲ್ಲೇ ತೀರಿಕೊಂಡ ಟಿಮಿಚೆಗ್ ಎಂಬ ಯುವಕನ ಹೆಸರನ್ನು ಆ ಊರು ಈಗ ತನ್ನದೊಂದು ಸುರಂಗಕ್ಕೆ ಇಟ್ಟಿದೆ.